ತಳವಿಲ್ಲದ ಬಲೆ

ಮಲ್ಪೆಯ ಐಸ್ ಪ್ಲಾಂಟಿನ ಹಿಂದೆ
ಒಂದು ಕಬ್ಬಿಣದ ಕಂಬ, ಹತ್ತಡಿ,
ತುದಿಯಲ್ಲೊಂದು ಬಳೆ.
ಬಳೆಗೆ ಬಲೆ ಹೆಣೆದವರು ಅಪ್ಪ,
ಹರಿದ ಟ್ರಾಲ್ ಬಲೆಯ ಹಸಿರು ನೂಲಿನಲ್ಲಿ.
ಅರ್ಧ ಹೆಣೆದು ತಲೆಯೆತ್ತಿ ಕೇಳಿದರು:
"ತಳ ಎಲ್ಲಿಗೆ ಮುಚ್ಚಲಿ?"
ಮುಚ್ಚುವುದೇ ಇಲ್ಲ ಎಂದೆ.
ಮೂವತ್ತು ವರ್ಷ ಕಡಲಿಗೆ ಹೋದವರು
ಆಗ ನನ್ನನ್ನು ನೋಡಿದ್ದನ್ನು
ನೀವು ನೋಡಬೇಕಿತ್ತು.

ಹಲಗೆಯಿಲ್ಲ ಎಂಬುದು ಊರಿನ ದೂರು.
ಬಾಸ್ಕೆಟ್‌ಬಾಲಿಗೆ ಹಿಂದೊಂದು ಹಲಗೆ ಇರುತ್ತದಲ್ಲ,
ದುಡ್ಡು ಸಾಲಲಿಲ್ಲವಾ?
ಸೆವ್ರಿನ್ ಟೀಚರ್ ಬಾಯಿಂದ ಸಿಳ್ಳೆ ತೆಗೆದು ಹೇಳುವರು:
ಇದು ಬೇರೆ. ಬಡಿದು ಬೀಳಿಸಲು ಇಲ್ಲಿ ಗೋಡೆಯಿಲ್ಲ.
ಚೆಂಡು ಕುಟ್ಟುತ್ತ ಓಡುವಂತಿಲ್ಲ,
ಹಿಡಿದುಕೊಂಡು ನಡೆಯುವಂತಿಲ್ಲ.
ಮೊದಲು ನೆಲ ಮುಟ್ಟಿದ ಕಾಲು ಮೊಳೆ,
ಇನ್ನೊಂದು ಗಡಿಯಾರದ ಮುಳ್ಳು.
ಎತ್ತ ಬೇಕಾದರೂ ತಿರುಗು,
ಮೂರು ಸೆಕೆಂಡಿನೊಳಗೆ ಕೊಟ್ಟುಬಿಡು.

ಮೂರು ಸೆಕೆಂಡು ಎಷ್ಟೆಂದು
ನಾನು ಕಲಿತದ್ದು ದಕ್ಕೆಯ ಏಲಂನಲ್ಲಿ.
ಒಂದು ಸಾರಿ, ಎರಡು ಸಾರಿ,
ಅಷ್ಟರಲ್ಲಿ ಬಂಗುಡೆಯ ಬುಟ್ಟಿ
ಬೇರೆ ಯಾರದೋ ತಲೆಯ ಮೇಲೆ.

ನಾಲ್ಕು ಕ್ವಾರ್ಟರ್ ಆಟ ಎಂದಾಗ
ಗಂಡಸರು ಗೊಳ್ಳೆಂದರು.
ಏಳು ಜನ, ಏಳು ಅಂಗಿ, ಬೆನ್ನಿಗೆ ಅಕ್ಷರ.
ನನ್ನದು ಡಬ್ಲ್ಯುಡಿ, ವಿಂಗ್ ಡಿಫೆನ್ಸ್.
"ಪಿ ಎಲ್ಲಿ ಬಿತ್ತು ಮಗಾ?" ದೂಮಣ್ಣ ಕೇಳಿದರು,
"ಪಿಡಬ್ಲ್ಯುಡಿಯಲ್ಲಿ ಕೆಲಸವಾ?
ಹಾಗಾದರೆ ನಮ್ಮ ರಸ್ತೆಯ ಹೊಂಡ ಒಂದು ನೋಡು."
ಜಿಲ್ಲೆಯಲ್ಲಿ ಗೆದ್ದ ಮರುದಿನ ಪೇಪರಿನಲ್ಲಿ
ಫೋಟೋ ನಮ್ಮದೇ,
ಕೆಳಗೆ: ತ್ರೋಬಾಲ್ ತಂಡಕ್ಕೆ ಪ್ರಶಸ್ತಿ.

ಅಂಗಣಕ್ಕೆ ಮೂರು ಪಾಲು, ನನಗೆ ಎರಡು.
ನಾವು ಗೋಲು ಹಾಕುವ ಆ ಮೂರನೆಯದಕ್ಕೆ
ನಾನು ಕಾಲಿಡುವಂತಿಲ್ಲ.
ಹಾಕಲು ಇಬ್ಬರಿಗೆ ಮಾತ್ರ ಅಪ್ಪಣೆ,
ಅದೂ ಅರ್ಧವೃತ್ತದೊಳಗೆ ನಿಂತು.
ನಾಲ್ಕು ವರ್ಷ ಆಡಿದೆ. ಒಂದು ಗೋಲಿಲ್ಲ.
ನಿಯಮವೇ ಹಾಗೆ ಎಂದರೆ
ಮದುವೆ ಮನೆಗಳಲ್ಲಿ ಯಾರೂ ನಂಬುವುದಿಲ್ಲ.
ನನ್ನ ಕೆಲಸ ಅಡ್ಡ ನಿಲ್ಲುವುದು,
ಮೂರಡಿ ದೂರದಿಂದ, ಮೈಗೆ ಮೈ ತಾಗದಂತೆ.

ಮಿಸ್ರಿಯಾ ಮನೆಯಲ್ಲಿ ಬ್ಯಾರಿ,
ಪ್ಲಾವಿಯಾ ಮನೆಯಲ್ಲಿ ಕೊಂಕಣಿ,
ಅಂಗಣದಲ್ಲಿ ಎಲ್ಲರದೂ ತುಳು.
ಚೆಂಡು ಬೇಕಾದವಳು ಕೂಗುವುದು: ಬಲೆ! ಬಲೆ!
ಬನ್ನಿ ಎಂದು. ಚೆಂಡಿಗೂ ಮರ್ಯಾದೆಯ ಬಹುವಚನ.
ಅಪ್ಪ ಹೆಣೆದದ್ದಕ್ಕೂ ತುಳುವಿನಲ್ಲಿ ಅದೇ ಹೆಸರು.

ಜನವರಿಯ ಭಾನುವಾರ, ಶಿರ್ವದವರ ಎದುರು.
ನೋಡಲು ಹತ್ತೊಂಬತ್ತು ಮಂದಿ,
ಅದರಲ್ಲಿ ನಾಲ್ವರು ರಾತ್ರಿಯ ವಾಲಿಬಾಲಿಗೆ
ಹೊತ್ತಿಗೆ ಮುಂಚೆ ಬಂದವರು.
ಇಪ್ಪತ್ತೆರಡು, ಇಪ್ಪತ್ತೆರಡು. ಕೊನೆಯ ನಿಮಿಷ.
ಅವರ ಚೆಂಡು ನನ್ನ ತಲೆಯ ಮೇಲಿಂದ ಹೋಗುತ್ತಿತ್ತು,
ಹೋಗಲಿಲ್ಲ.
ಎಡಗಾಲಲ್ಲಿ ಇಳಿದೆ. ಒಂದು ಸಾರಿ.
ನೇರ ಆಚೆ ತುದಿಗೆ ಎಸೆಯುವಂತಿಲ್ಲ,
ನಡುವಿನ ಪಾಲಿನಲ್ಲಿ ಯಾರಾದರೂ ಮುಟ್ಟಲೇಬೇಕು.
ಬಲೆ! ಎಂದಳು ಮಿಸ್ರಿಯಾ. ಎರಡು ಸಾರಿ. ಕೊಟ್ಟೆ.
ಅವಳು ಪ್ಲಾವಿಯಾಗೆ.

ನಾನು ಗೆರೆಯವರೆಗೆ ಓಡಿ ನಿಂತೆ.
ಹೆಬ್ಬೆರಳಿಗೆ ಸುಣ್ಣ ತಾಗುವಷ್ಟು ಹತ್ತಿರ.
ಆ ಬದಿಯಲ್ಲಿ ಕಡಲು, ಕಡಲ ಮೇಲೆ ಸೂರ್ಯ,
ಕಣ್ಣು ಬಿಡಲಾಗಲಿಲ್ಲ.
ಪ್ಲಾವಿಯಾಳ ಕೈ ಏರಿದ್ದಷ್ಟೇ ಕಂಡದ್ದು.
ಆಮೇಲೆ ನೈಲಾನ್ ಸರ್ರೆಂದಿತು,
ಒದ್ದೆ ಸೀರೆ ಕೊಡವಿದ ಹಾಗೆ,
ಆಮೇಲೆ ಚೆಂಡು ನೆಲಕ್ಕೆ ಬಿದ್ದ ಸದ್ದು.

ಎಲ್ಲರೂ ಪ್ಲಾವಿಯಾಳನ್ನು ಎತ್ತಿಕೊಂಡಿದ್ದರು.
ಐಸ್ ಪ್ಲಾಂಟಿನ ಗೋಡೆಗೆ ಒರಗಿ ನಿಂತಿದ್ದ ಅಪ್ಪ
ನಿಧಾನಕ್ಕೆ ಬಂದು ಕಂಬದ ಕೆಳಗೆ ನಿಂತರು,
ಮೇಲೆ ನೋಡಿದರು ಬಹಳ ಹೊತ್ತು.
ತಳದ ಮಾತೆತ್ತಲಿಲ್ಲ.
"ಎಡಗಡೆ ಎರಡು ಗಂಟು ಸಡಿಲಾಗಿದೆ,
ನಾಳೆ ಇಳಿಸಿಕೊಂಡು ಬಾ."